ಅಲ್ಪ ಅಂತರದ ಗೆಲುವು: ಮತದಾರ ಹೇಳಿದ್ದೇನು?

2013ರ ಮೇ 8ರಂದು ವಿಧಾನಸಭೆಯ ಮತ ಎಣಿಕೆ ಮುಗಿದಾಗ ಉಡುಪಿ ಜಿಲ್ಲೆಯ ಅಕ್ಕಪಕ್ಕದ ಮೂರು ಕ್ಷೇತ್ರಗಳು ಮೂರು ಬಗೆಯ ಉತ್ತರ ಕೊಟ್ಟಿದ್ದವು. ಮಣಿಪಾಲವೂ ಸೇರಿದ ಉಡುಪಿಯಲ್ಲಿ ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜ್ 39,524 ಮತಗಳ ಅಂತರದಿಂದ ಗೆದ್ದರು. ಕಾಪುವಿನಲ್ಲಿ ಅದೇ ಪಕ್ಷದ ವಿನಯಕುಮಾರ್ ಸೊರಕೆ ಬಿಜೆಪಿಯ ಲಾಲಾಜಿ ಮೆಂಡನ್ ಅವರನ್ನು ಸೋಲಿಸಿದ್ದು ಬರೇ 1,855 ಮತಗಳಿಂದ. ಕಾರ್ಕಳದಲ್ಲಿ ಮಾತ್ರ ಬಿಜೆಪಿಯ ವಿ. ಸುನಿಲ್ ಕುಮಾರ್ 4,254 ಮತಗಳಿಂದ ಜಯ ಗಳಿಸಿದರು. ರಾಜ್ಯದಲ್ಲಿ ಕಾಂಗ್ರೆಸ್ 122 ಸ್ಥಾನ ಪಡೆದು, ಬಿಜೆಪಿ 40ಕ್ಕೆ ಕುಸಿದ ಚುನಾವಣೆ ಅದು. ಆಡಳಿತದ ವಿರುದ್ಧದ ಜನಾದೇಶವೆಂದು ಎಲ್ಲರೂ ಬಣ್ಣಿಸಿದರು. ಹಾಗಾದರೆ ಕಾರ್ಕಳದ ಜನ ಹೇಳಿದ್ದೇನು?

ಕಾಪುವಿನ ಲೆಕ್ಕವನ್ನೇ ನೋಡೋಣ. 928 ಮಂದಿ ಮನಸ್ಸು ಬದಲಿಸಿ ಪಕ್ಕದ ಗುಂಡಿ ಒತ್ತಿದ್ದರೆ ಫಲಿತಾಂಶ ತಿರುಗಿಬೀಳುತ್ತಿತ್ತು. ಆ ಗೆಲುವಿನ ಬಲದಿಂದಲೇ ಸೊರಕೆ ನಗರಾಭಿವೃದ್ಧಿ ಸಚಿವರಾದರು. ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರ, ಹೆದ್ದಾರಿ ಅಗಲೀಕರಣ, ಮೀನುಗಾರರ ಅಹವಾಲು, ಜಾತಿ ಲೆಕ್ಕಾಚಾರ ಎಲ್ಲವೂ ಅಲ್ಲಿದ್ದವು. ಮತಯಂತ್ರ ಇವುಗಳಲ್ಲಿ ಯಾವುದನ್ನೂ ಕೇಳುವುದಿಲ್ಲ. ಅದು ಕೇಳುವುದು ಹೆಸರೊಂದನ್ನು. ಯಾರೂ ಬೇಡ ಎನ್ನುವ 'ನೋಟಾ' ಗುಂಡಿಯೂ ಆಗ ಇರಲಿಲ್ಲ. ಸುಪ್ರೀಂ ಕೋರ್ಟ್ ಅದಕ್ಕೆ ಆದೇಶ ನೀಡಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಎಣಿಕೆಯ ಬಳಿಕ ಮತಗಟ್ಟೆವಾರು ಅಂಕಿಗಳು ಕೈಗೆ ಸಿಗುತ್ತವೆ ನಿಜ. ಆದರೆ ಅವು ಎಷ್ಟು ಎಂಬುದನ್ನು ತಿಳಿಸಬಲ್ಲವೇ ಹೊರತು ಏಕೆ ಎಂಬುದನ್ನಲ್ಲ. ಐದು ವರ್ಷಗಳ ಬಳಿಕ ಇದೇ ಇಬ್ಬರು ಮತ್ತೆ ಎದುರಾದಾಗ ಮೆಂಡನ್ 11,917 ಮತಗಳಿಂದ ಗೆದ್ದರು.

ಕಾರ್ಕಳದ ಚರಿತ್ರೆ ಇನ್ನೂ ಸ್ವಾರಸ್ಯದ್ದು. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು ರಾಜ್ಯದಲ್ಲಿ ಮೊದಲ ಸಲ ಸ್ವಂತ ಸರಕಾರ ರಚಿಸಿತು. ಅಂದು ಕಾರ್ಕಳ ಆರಿಸಿದ್ದು ಕಾಂಗ್ರೆಸ್ಸಿನ ಗೋಪಾಲ ಭಂಡಾರಿ ಅವರನ್ನು, ಅಂತರ 1,537. ಐದು ವರ್ಷದಲ್ಲಿ ಗಾಳಿ ಕಾಂಗ್ರೆಸ್ ಕಡೆಗೆ ತಿರುಗಿದಾಗ ಅದೇ ಭಂಡಾರಿ ಸೋತರು. ಎರಡು ಬಾರಿಯೂ ರಾಜ್ಯದ ಗಾಳಿಗೆ ಎದುರಾಗಿ ನಿಂತ ಈ ಊರನ್ನು ಯಾವ ಸೂತ್ರಕ್ಕೆ ಹೊಂದಿಸುವುದು? 2018ರಲ್ಲಿ ಸುನಿಲ್ ಕುಮಾರ್ ಅವರ ಅಂತರ 42,566ಕ್ಕೆ ಏರಿತು. ಆಗ ಪ್ರಶ್ನೆಯೇ ಉಳಿಯಲಿಲ್ಲ ಎಂದು ತೋರಿತು.

2023ರಲ್ಲಿ, ಅವರು ಸಚಿವರಾಗಿದ್ದಾಗಲೇ, ಅದು 4,602ಕ್ಕೆ ಇಳಿಯಿತು. ಅವರಿಗೆ ಬಂದದ್ದು 77,028 ಮತ, ಕಾಂಗ್ರೆಸ್ಸಿನ ಮುನಿಯಾಲು ಉದಯ ಶೆಟ್ಟಿ ಅವರಿಗೆ 72,426. ಪಕ್ಷೇತರರಾಗಿ ನಿಂತಿದ್ದ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ 4,508 ಮತ ಪಡೆದರು. ಗೆಲುವಿನ ಅಂತರಕ್ಕೆ ಹೆಚ್ಚುಕಡಿಮೆ ಸಮನಾದ ಈ ಮತಗಳ ಒಡೆಯರು ಯಾರು? ಇವು ಬಿಜೆಪಿಯಿಂದ ಸಿಡಿದುಹೋದ ಹಿಂದುತ್ವದ ಮತಗಳೆಂದು ಓದಿದರೆ, ಮುತಾಲಿಕ್ ಇಲ್ಲದಿದ್ದಲ್ಲಿ ಅಂತರ 9,110 ಆಗುತ್ತಿತ್ತು. ಸಚಿವರ ಮೇಲಿನ ಅಸಮಾಧಾನದ ಮತಗಳೆಂದೂ, ಅವು ಕಾಂಗ್ರೆಸ್ಸಿಗೆ ಹೋಗಬಹುದಿತ್ತೆಂದೂ ಓದಿದರೆ ಉಳಿಯುವುದು 94 ಮತ.