ರೂವಾರಿಯ ಮನೆತನ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯನ್ನು ನಡುವೆ ಬಿಟ್ಟು ಒಳಕ್ಕೆ ತಿರುಗುವವರು, ಬೇಲೂರಿನ ವೈಭವಕ್ಕೆಂದೇ ಕಣ್ಣನ್ನು ಹದಗೊಳಿಸಿಕೊಂಡು ಹೊರಟವರಾಗಿದ್ದರೆ, ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯೆದುರು ಕೊಂಚ ನಿರಾಶರಾಗುವುದೂ ಉಂಟು. ಇಲ್ಲಿ ಎತ್ತರದ ಜಗತಿಯಿಲ್ಲ. ಗೋಡೆಯ ಬುಡದಲ್ಲಿ ಆನೆ ಕುದುರೆಗಳ ಪಟ್ಟಿಕೆಗಳಿಲ್ಲ. ಮದನಿಕೆಯರಂತೂ ಇಲ್ಲವೇ ಇಲ್ಲ. ಕೆರೆಯ ಮಗ್ಗುಲಲ್ಲಿ ಪ್ರಾಕಾರದೊಳಗೆ ನಾಲ್ಕು ಗರ್ಭಗೃಹಗಳು ಒಂದೇ ನವರಂಗಕ್ಕೆ ಬಾಗಿಲು ತೆರೆದು ನಿಂತಿವೆ. ಅವುಗಳ ಶಿಖರಗಳಲ್ಲಿ ಮೂರು ಮೆಟ್ಟಿಲುಮೆಟ್ಟಿಲಾಗಿ ಏರಿದ ಕದಂಬರ ಕಾಲದ ಸರಳ ರೀತಿಯವು, ಲಕ್ಷ್ಮಿಯ ಮೇಲಣದೊಂದು ಮಾತ್ರ ಸಾಲಂಕೃತವಾದುದು. ಕಾಳಿಯ ಬಾಗಿಲಿನ ಇಕ್ಕೆಲಗಳಲ್ಲಿ ಮೂಳೆಚಕ್ಕಳವೇ ಮೈಯಾದ ಬೇತಾಳಗಳು ನಿಂತಿರುವುದನ್ನು ಕಂಡಾಗ, ಸರಳವೆಂದು ತೋರಿದ ಈ ಗುಡಿಯನ್ನು ಕಟ್ಟಿದವನ ಕಲ್ಪನೆ ಸಾಮಾನ್ಯವಾದುದಲ್ಲವೆಂಬುದು ಮನವರಿಕೆಯಾಗುತ್ತದೆ.

ಕಟ್ಟಿದವನು ಯಾರೆಂಬುದನ್ನು ಇಲ್ಲಿಯ ಶಾಸನವೇ ಹೇಳುತ್ತದೆ; ಅದೇ ಈ ಗುಡಿಯ ದೊಡ್ಡ ಐಶ್ವರ್ಯ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1113–14ರಲ್ಲಿ, ಎಂದರೆ ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆಗೆ ಮೂರು ನಾಲ್ಕು ವರ್ಷ ಮುಂಚೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಕೂಡಿ ಊರನ್ನು ನೆಲೆಗೊಳಿಸಿ, ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ನೆನೆದು ಅದಕ್ಕೆ ಅಭಿನವ ಕೊಲ್ಲಾಪುರವೆಂದು ಹೆಸರಿಟ್ಟು, ದೇವಿಗೆ ಈ ಆಲಯವನ್ನು ಮಾಡಿಸಿದರು. ಮಾಡಿದ ಶಿಲ್ಪಿ ಮಲ್ಲೋಜ ಮಣಿಯೋಜ. ದಂಪತಿಗಳ ವ್ಯಾಪಾರ ಯಾವ ಸರಕಿನದೋ, ಅದು ಎಷ್ಟು ತಲೆಮಾರು ನಡೆಯಿತೋ, ಅಂಗಡಿಯ ಲೆಕ್ಕಪತ್ರಗಳೊಡನೆ ಅದೂ ಅಳಿದುಹೋಯಿತು. ಅವರ ಹಣವನ್ನು ಪಡೆದು ಕಲ್ಲನ್ನು ರೂಪಿಸಿದ ಆ ಇನ್ನೊಂದು ವೃತ್ತಿಯಾದರೋ, ಹಾಸನದ ಸೀಮೆಯಲ್ಲಿ ಮುಂದಿನ ನೂರೈವತ್ತು ವರ್ಷಗಳ ಕಾಲ ತನ್ನ ಲೆಕ್ಕವನ್ನು ಕಲ್ಲಿನ ಮೇಲೆಯೇ ಬರೆದುಕೊಂಡು ಬಂದಿತು.

ಅದು ಮನೆತನದ ಕಸುಬು. ತಂದೆಯ ಕೈಯಿಂದ ಮಗನ ಕೈಗೆ ಉಳಿ ಚಾಣಗಳೊಡನೆ ಅಳತೆಯ ಸೂತ್ರ, ಧ್ಯಾನಶ್ಲೋಕ, ಕಲ್ಲನ್ನು ತಟ್ಟಿ ದನಿಯಿಂದಲೇ ಅದರ ಒಡಕನ್ನು ತಿಳಿಯುವ ಕಿವಿ, ಎಲ್ಲವೂ ದಾಟಿ ಬರಬೇಕಾದ ಉದ್ಯೋಗ. ಬಳಪದ ಕಲ್ಲು ಗಣಿಯಿಂದ ಹೊಸದಾಗಿ ಹೊರಬಿದ್ದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆಲ್ಲ ಬಿರುಸಾಗುವ ಗುಣದ್ದಾದುದರಿಂದ, ಯಾವ ಕೆಲಸವನ್ನು ಎಷ್ಟು ಬೇಗ ಮುಗಿಸಬೇಕು, ಯಾವುದನ್ನು ತಡೆದು ಮಾಡಬಹುದು ಎಂಬ ಹದವನ್ನು ಹುಡುಗನು ವರ್ಷಗಟ್ಟಲೆ ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕಾಗಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಒಂದೇ ಗುಡಿಯ ಕೆಲಸದಲ್ಲಿ ಬೇರೆ ಬೇರೆಯಾಗಿ ತಮ್ಮ ಹೆಸರನ್ನು ಕೊರೆದಿರುವುದು ಇಂಥ ಮನೆತನಕ್ಕೆ ಸ್ಪಷ್ಟವಾದ ಸಾಕ್ಷಿ. ಗದುಗಿನಿಂದ ಬಂದ ನಾಗೋಜನೂ ಅಲ್ಲಿ ಇದ್ದನು. ಬಳ್ಳಿಗಾವೆ ಗದುಗುಗಳ ಜನ ಇಷ್ಟು ದೂರ ಬಂದು ಬಿಡಾರ ಹೂಡಿದರೆಂಬುದರಿಂದ, ಚಾಲುಕ್ಯರ ಸೀಮೆಯ ಕೈಗಳು ಹೊಯ್ಸಳರ ಹೊನ್ನನ್ನು ಅರಸಿ ತೆಂಕಣಕ್ಕೆ ಇಳಿದುವೆಂಬುದನ್ನು ಊಹಿಸಲು ಪಂಡಿತರೇ ಆಗಬೇಕಿಲ್ಲ.

ಇವರೆಲ್ಲರಿಗಿಂತ ದೀರ್ಘವಾದ ಸೇವೆಯ ದಾಖಲೆ ಮಲ್ಲಿತಮ್ಮನದು. ಕವಿ ಜನ್ನನೇ ಶಾಸನವನ್ನು ರಚಿಸಿಕೊಟ್ಟ ತರೀಕೆರೆಯ ಬಳಿಯ ಅಮೃತಾಪುರದ ಗುಡಿಯಲ್ಲಿ, 1196ರಲ್ಲಿ, ಈ ಹೆಸರು ಕಾಣಿಸಿಕೊಳ್ಳುತ್ತದೆ. ಆಮೇಲೆ ಹಾರನಹಳ್ಳಿ, ಗೋವಿಂದನಹಳ್ಳಿ, ಜಾವಗಲ್ಲುಗಳನ್ನು ಹಾದು 1246ರಲ್ಲಿ ಚನ್ನರಾಯಪಟ್ಟಣದ ಸೀಮೆಯ ನುಗ್ಗೇಹಳ್ಳಿಗೆ ಬರುತ್ತದೆ. ಬೊಮ್ಮಣ್ಣ ದಂಡನಾಯಕನು ಅಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯಲ್ಲಿ ದಕ್ಷಿಣದ ಗೋಡೆ ನಂದಿಯ ಬೈಚೋಜನ ಪಾಲಿಗೆ, ಉತ್ತರದ ಗೋಡೆ ಮಲ್ಲಿತಮ್ಮನ ಪಾಲಿಗೆ ಹಂಚಿಹೋಗಿತ್ತು. ಕಡೆಗೆ 1258ರ ಸೋಮನಾಥಪುರದಲ್ಲಿ, ಸೋಮನಾಥ ದಂಡನಾಯಕನ ಕೇಶವಾಲಯದಲ್ಲಿ, ಮಸಣಿತಮ್ಮ, ಬಾಲೆಯ, ಚೌಡೆಯ, ನಂಜಯ ಮೊದಲಾದವರ ನಡುವೆ ಎಲ್ಲರಿಗಿಂತ ಹೆಚ್ಚು ವಿಗ್ರಹಗಳ ಅಡಿಯಲ್ಲಿ ನಿಂತಿರುವುದು ಇವನ ಹೆಸರೇ. ಇಮ್ಮಡಿ ಬಲ್ಲಾಳನ ಕಾಲಕ್ಕೆ ಉಳಿ ಹಿಡಿದವನು ಇಮ್ಮಡಿ ನರಸಿಂಹನನ್ನೂ ಸೋಮೇಶ್ವರನನ್ನೂ ದಾಟಿ ಮುಮ್ಮಡಿ ನರಸಿಂಹನ ಕಾಲಕ್ಕೂ ಅದನ್ನು ಕೆಳಗಿಡಲಿಲ್ಲ. ಅರುವತ್ತು ವರ್ಷಗಳಿಗೆ ಮಿಕ್ಕ ಕೈಗೆಲಸ, ನಾಲ್ವರು ಅರಸರು!

ಇದು ಒಬ್ಬನೇ ಮನುಷ್ಯನ ಆಯುಸ್ಸಿನಲ್ಲಿ ಹಿಡಿಯುವ ಲೆಕ್ಕವೇ ಎಂದು ಶಂಕಿಸುವವರಿಗೆ ಕಾರಣವಿಲ್ಲದಿಲ್ಲ. ಇಪ್ಪತ್ತರ ಹರೆಯದಲ್ಲಿ ಅಮೃತಾಪುರದ ಛತ್ತನ್ನು ಕೊರೆದವನು ಸೋಮನಾಥಪುರಕ್ಕೆ ಬರುವಾಗ ಎಂಬತ್ತೆರಡರ ಮುದುಕ. ಅಸಾಧ್ಯವೇನಲ್ಲ, ಎಂಬತ್ತು ದಾಟಿಯೂ ಎರಕದ ಗೂಡಿನ ಮುಂದೆ ಕೂರುವ ಅಕ್ಕಸಾಲಿಗರನ್ನು ನಮ್ಮ ಊರುಗಳಲ್ಲಿ ಯಾರು ಕಂಡಿಲ್ಲ? ಆದರೆ ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ನಮ್ಮವರ ಪದ್ಧತಿಯನ್ನು ನೆನೆದರೆ ಬೇರೊಂದು ಚಿತ್ರವೂ ಕಣ್ಣಿಗೆ ಕಟ್ಟುತ್ತದೆ. ಅಮೃತಾಪುರದ ಮಲ್ಲಿತಮ್ಮನ ಹೆಸರನ್ನು ಹೊತ್ತ ಮೊಮ್ಮಗನೊಬ್ಬನು, ಅಜ್ಜನ ಶಾಲೆಯಲ್ಲಿಯೇ ಪಳಗಿ, ಅಜ್ಜನ ಗಿರಾಕಿಗಳ ಮಕ್ಕಳಿಂದಲೇ ಕೆಲಸವನ್ನು ಪಡೆದಿದ್ದರೆ, ಆ ಹೆಸರು ವ್ಯಕ್ತಿಯದಾಗಿ ಹುಟ್ಟಿ ಮನೆಯ ಮುದ್ರೆಯಾಗಿ ಬೆಳೆದಿರಬೇಕು. ನನಗೆ ಈ ಎರಡನೆಯ ಊಹೆಯೇ ಹೆಚ್ಚು ಒಪ್ಪುವಂಥದು. ಹಾಗಾದರೆ ಮುದುಕನ ಕೀರ್ತಿಗೆ ಕುಂದೆನ್ನುವವರು ಗಮನಿಸಬೇಕಾದುದಿಷ್ಟು: ಹೆಸರನ್ನು ಬದಲಿಸದೆಯೇ ಮೊಮ್ಮಗನು ದುಡಿದನೆಂದರೆ, ಆ ಹೆಸರಿಗೆ ಪೇಟೆಯಲ್ಲಿ ಬೆಲೆಯಿದ್ದಿತು.

ಬೆಲೆಯ ಮಾತು ಇಲ್ಲಿ ಅಲಂಕಾರಕ್ಕೆ ಬಂದುದಲ್ಲ. ಸೋಮನಾಥಪುರದ ಪೀಠಗಳನ್ನು ಬಗ್ಗಿ ನೋಡಿದರೆ, ಮೇಲೆ ಆಭರಣದ ಮಣಿಮಣಿಯನ್ನೂ ಬಿಡಿಸಿದ ದೇವತೆ, ಕೆಳಗೆ ಅವಸರದಲ್ಲಿ ಗೀಚಿದಂಥ ಕಿರಿಯ ಅಕ್ಷರಗಳು. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ಬರಿಯ ‘ಮಲ್ಲಿ’, ಇನ್ನು ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ. ಕೀರ್ತಿಯನ್ನು ಬಯಸಿದವನು ತನ್ನ ಹೆಸರನ್ನು ಒಂದಕ್ಷರಕ್ಕೆ ಇಳಿಸಿಕೊಳ್ಳುವನೆ? ಬೇಲೂರಿನ ಶಿಲ್ಪಿಗಳು ಎದುರಾಳಿ ರೂವಾರಿಗಳನ್ನು ಹಳಿಯುವ ಬಿರುದುಗಳನ್ನೂ ಊರು ತಂದೆಯರ ಹೆಸರುಗಳನ್ನೂ ಹಾಕಿಕೊಂಡು ಮೆರೆದರು. ಅದು ಕೀರ್ತಿಯ ಭಾಷೆ. ‘ಮ’ ಎಂಬುದು ಲೆಕ್ಕದ ಭಾಷೆ. ತಿಂಗಳ ಕೊನೆಯಲ್ಲಿ ಯಾರು ಎಷ್ಟು ವಿಗ್ರಹ ಮುಗಿಸಿದರೆಂದು ಎಣಿಸಿ ಕೂಲಿ ಕೊಡುವವನಿಗೆ ಅಷ್ಟು ಗುರುತು ಸಾಕಾಗಿದ್ದಿತು. ಕಲೆಯೆಂದು ನಾವು ಕೈಮುಗಿಯುವುದು ಅವರಿಗೆ ಬೆಳಗಾದರೆ ಹೋಗಿ ಸಂಜೆಯಾದರೆ ಬರುವ ಕೆಲಸವೂ ಆಗಿತ್ತೆಂಬುದನ್ನು ಈ ಒಂದಕ್ಷರದಷ್ಟು ಖಚಿತವಾಗಿ ಯಾವ ಪ್ರಶಸ್ತಿ ಶಾಸನವೂ ತಿಳಿಸಲಾರದು.

ಜನಕ್ಕಾದರೋ ಇಷ್ಟು ಮಂದಿಯ ಲೆಕ್ಕ ಬೇಕಾಗಿರಲಿಲ್ಲ. ಕೈದಾಳದ ಜಕಣಾಚಾರಿಯೊಬ್ಬನೇ ಎಲ್ಲ ಗುಡಿಗಳನ್ನೂ ಕಟ್ಟಿದನೆಂದೂ, ಮಗ ಡಂಕಣಾಚಾರಿಯು ತಂದೆಯ ವಿಗ್ರಹದೊಳಗೆ ಕಪ್ಪೆಯಿರುವುದನ್ನು ತೋರಿಸಿ ಅವನ ಗರ್ವವನ್ನು ಇಳಿಸಿದನೆಂದೂ ಕತೆ ಕಟ್ಟಿ ತೃಪ್ತರಾದರು. ಸೊಗಸಾದ ಕತೆ, ಇತಿಹಾಸವಲ್ಲದಿದ್ದರೂ ಒಂದು ಸತ್ಯವನ್ನು ಅದು ಹಿಡಿದಿದೆ. ಈ ಕಸುಬು ತಂದೆಮಕ್ಕಳ ನಡುವಣ ವ್ಯವಹಾರವೆಂಬುದನ್ನು ಹಳ್ಳಿಯ ಕತೆಗಾರ ಮರೆಯಲಿಲ್ಲ. ಮರೆತುಹೋಗಿದ್ದ ಹೆಸರುಗಳನ್ನು ಮರಳಿ ಬೆಳಕಿಗೆ ತಂದವರು ಇಪ್ಪತ್ತನೆಯ ಶತಮಾನದ ಆದಿಯ ಶಾಸನಪಂಡಿತರು. ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದರು. ಅವರ ತರುವಾಯ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತ ಪ್ರಾಕ್ತನವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆಯೂ, 1919ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳ ಮೇಲೆಯೂ ಪ್ರತ್ಯೇಕ ಗ್ರಂಥಗಳನ್ನು ಹೊರತಂದು, ಪೀಠದ ಅಡಿಯ ಪುಡಿ ಅಕ್ಷರಗಳನ್ನೂ ಬಿಡದೆ ಓದಿಸಿದರು. ಬೇಲೂರು, ಸೋಮನಾಥಪುರಗಳೊಡನೆ ಮೂರನೆಯ ಗ್ರಂಥಭಾಗ್ಯ ದೊಡ್ಡಗದ್ದವಳ್ಳಿಗೆ ದೊರೆತಿತ್ತೆಂಬುದನ್ನು, 2023ರಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನೇ ವಿಶ್ವಪರಂಪರೆಗೆ ಸೇರಿಸಿದ ಮೇಲೆ, ನೆನೆಯುವವರು ಕಡಮೆ.

ಹೊಯ್ಸಳರು ಹೋದರು, ಮನೆತನಗಳು ದಿಕ್ಕುಗೆಟ್ಟು ಬೇರೆ ಬೇರೆ ಊರುಗಳಿಗೆ ಚೆದುರಿದುವು. ವೃತ್ತಿಯ ಕ್ರಮ ಮಾತ್ರ ಅಳಿಯಲಿಲ್ಲ. ಮಾಲೂರಿನ ಬಳಿಯ ಶಿವಾರಪಟ್ಟಣದಲ್ಲಿ ಮನೆಗಳ ಮುಂದೆ ಇಂದಿಗೂ ಉಳಿಯ ಸದ್ದು ಕೇಳಿಬರುತ್ತದೆ. ಮೈಸೂರಿನ ಅರುಣ್ ಯೋಗಿರಾಜ್ ಅವರು ಎಂಬಿಎ ಓದಿ ಖಾಸಗಿ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದವರು, 2008ರಲ್ಲಿ ಅದನ್ನು ಬಿಟ್ಟು, ತಂದೆ ಯೋಗಿರಾಜರೂ ಅಜ್ಜ ಬಸವಣ್ಣ ಶಿಲ್ಪಿಯೂ ಕುಳಿತ ಜಾಗಕ್ಕೆ ಮರಳಿದರು. ಐದು ತಲೆಮಾರಿನ ಆ ಮನೆಯ ಕೆಲಸವೇ 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠಿತವಾದ ಬಾಲರಾಮ.

ಇಂಥ ಮನೆಯೊಂದರ ಕೈಯನ್ನು ಗುರುತಿಸಲು ಬಯಸುವವರಿಗೆ ನುಗ್ಗೇಹಳ್ಳಿಯೇ ಸುಲಭವಾದ ಪಾಠಶಾಲೆ. ಅಲ್ಲಿ ಮೊದಲು ಬೈಚೋಜನ ಗೋಡೆಯನ್ನು ನೋಡಿ, ಅವನ ಬಾಗುಬಳುಕುಗಳಿಗೆ ಕಣ್ಣು ಒಗ್ಗಿದ ಮೇಲೆ ಉತ್ತರದ ಮಗ್ಗುಲಿಗೆ ನಡೆಯಬೇಕು. ನಿಲುವು ಬೇರೆ, ಮುಖ ಬೇರೆ, ಒಡವೆಯ ಹಿಡಿತ ಬೇರೆ. ಪೀಠದ ಅಕ್ಷರಗಳನ್ನು ಓದಿನೋಡುವುದು ಕಡೆಯಲ್ಲಾದರೆ ಲೇಸು.