ಹೊರಗಿಡುವ ಅಧಿಕಾರ: ಆಟದ ಪಟ್ಟಣ ಮತ್ತು ಕೆರೆಯ ಊರು

ಆನ್‌ಲೈನ್ ಆಟಗಳಲ್ಲಿ ಆಟಗಾರರೇ ಕಟ್ಟಿ ಆಟಗಾರರೇ ಆಳುವ ಪಟ್ಟಣಗಳಿವೆ. ನೆರೆಹೊರೆಯ ನೆಮ್ಮದಿ ಕೆಡಿಸುವವರು ಅಲ್ಲಿಯೂ ಉಂಟು. ಅವರನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಸಾಫ್ಟ್‌ವೇರ್‌ನವರಿಗೆ ಬಿಟ್ಟುಬಿಡುತ್ತೇವೆ. ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೋಬಳಿಯಂಥ ಬಯಲುಸೀಮೆಯ ಕೆರೆ ಆಶ್ರಿತ ಊರುಗಳು ಇದೇ ಪ್ರಶ್ನೆಯನ್ನು ತಲೆಮಾರುಗಳ ಕಾಲ ಎದುರಿಸಿವೆ. ಎರಡನ್ನೂ ಒಟ್ಟಿಗೆ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ: ಹೊರಹಾಕುವ ಶಿಕ್ಷೆಯ ಭಾರ ನಿಂತಿರುವುದು ಹೊರಬಿದ್ದವನಿಗೆ ಬೇರೆ ನೆಲೆ ಇದೆಯೇ ಎಂಬುದರ ಮೇಲೆ.

ಮೊದಲು ಆಟದ ಕಡೆಯ ಪ್ರಸಿದ್ಧ ಪ್ರಕರಣ. ಲ್ಯಾಂಬ್ಡಾಮೂ ಎಂಬುದು ಪಾವೆಲ್ ಕರ್ಟಿಸ್ 1990ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಆರಂಭಿಸಿದ, ಬರೀ ಅಕ್ಷರಗಳಲ್ಲೇ ನಡೆಯುವ ಲೋಕ. ನಿವಾಸಿಗಳ ಜಗಳದಲ್ಲಿ ನಿರ್ವಾಹಕರು ಇನ್ನು ತಲೆಹಾಕುವುದಿಲ್ಲ ಎಂದು ಅವರು 1992ರ ಕೊನೆಗೆ ಘೋಷಿಸಿದರು. ಕೆಲವೇ ತಿಂಗಳಲ್ಲಿ ಮಿಸ್ಟರ್ ಬಂಗಲ್ ಎಂಬ ಹೆಸರಿನವನು ಒಂದು ಚಿಕ್ಕ ಪ್ರೋಗ್ರಾಂ ಬಳಸಿ, ಇತರರ ಪಾತ್ರಗಳೇ ಅಶ್ಲೀಲವಾಗಿ ವರ್ತಿಸಿದಂತೆ ಎಲ್ಲರ ಪರದೆಯ ಮೇಲೂ ಮೂಡಿಸಿದ. ನಿವಾಸಿಗಳು ಸಭೆ ಸೇರಿದರು, ಗಂಟೆಗಟ್ಟಲೆ ವಾದಿಸಿದರು, ತೀರ್ಮಾನಕ್ಕೆ ಬರಲಿಲ್ಲ. ಸಭೆ ಚದುರಿದ ಮೇಲೆ ಒಬ್ಬ ನಿರ್ವಾಹಕ ತಾನೊಬ್ಬನೇ ನಿರ್ಧರಿಸಿ ಆ ಖಾತೆಯನ್ನು ಅಳಿಸಿಹಾಕಿದ. ಆ ಬಳಿಕವೇ ಕರ್ಟಿಸ್ ಮನವಿ ಸಲ್ಲಿಕೆ ಮತ್ತು ಮತದಾನದ ಪದ್ಧತಿ ತಂದದ್ದು. ಅಳಿಸಿಹೋದವನು ಡಾಕ್ಟರ್ ಜೆಸ್ಟ್ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದ! ಜೂಲಿಯನ್ ಡಿಬ್ಬೆಲ್ 1993ರ ಡಿಸೆಂಬರ್‌ನಲ್ಲಿ ಈ ಘಟನೆಯ ಬಗ್ಗೆ ಬರೆದ ಲೇಖನ ಈ ಕ್ಷೇತ್ರದ ಅಧ್ಯಯನಕ್ಕೆ ಮೊದಲ ಪಾಠವಾಗಿದೆ.

ಕೆರೆಯ ಊರಿನಲ್ಲಿ ಹೆಸರು ಬದಲಿಸಿಕೊಂಡು ಬರುವ ದಾರಿಯಿಲ್ಲ. ಹಳೆ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ನೀರುಗಂಟಿಯ ಕೆಲಸವಾಗಿತ್ತು. ಅವನು ಹಲವೆಡೆ ದಲಿತ ಕುಟುಂಬದವನಾಗಿದ್ದ. ರಾತ್ರಿ ಹೊತ್ತು ಮಡೆ ಒಡೆದು ತನ್ನ ಗದ್ದೆಗೆ ನೀರು ತಿರುಗಿಸಿಕೊಂಡವನ ಮೇಲೆ ಊರು ಒಮ್ಮೆಲೇ ಮುಗಿಬೀಳುತ್ತಿರಲಿಲ್ಲ. ಮೊದಲು ಮಡೆ ಮುಚ್ಚಿ ಬುದ್ಧಿಮಾತು, ಮತ್ತೆ ಮಾಡಿದರೆ ಹಿರಿಯರ ಮುಂದೆ ನ್ಯಾಯ, ಆಮೇಲೆ ದೇವರಿಗೆ ತಪ್ಪುಕಾಣಿಕೆ. ತಪ್ಪು ಮಾಡಿದವನೂ ನಾಳೆ ಏರಿ ದುರಸ್ತಿಗೆ ಬೇಕಾದ ಆಳು ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಎಲಿನೋರ್ ಆಸ್ಟ್ರಂ 1990ರ ತಮ್ಮ ಗ್ರಂಥದಲ್ಲಿ, ದೀರ್ಘಕಾಲ ಬಾಳಿದ ಸಾಮುದಾಯಿಕ ವ್ಯವಸ್ಥೆಗಳ ಲಕ್ಷಣವೆಂದು ಗುರುತಿಸಿದ ಹಂತಹಂತದ ದಂಡನೆ ಇದೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ನೀರುಗಂಟಿ ಹುದ್ದೆಯನ್ನು ಕೊನೆಗಾಣಿಸಿತು. ಜಾತಿಗೆ ಕಟ್ಟಿದ ದುಡಿಮೆ ಹೋದದ್ದು ಸರಿಯೇ.

ಆದರೆ ಊರಿನ ಆ ಹಳೆಯ ನ್ಯಾಯ ಪದ್ಧತಿಯ ಕಾಲವನ್ನು ಸುವರ್ಣಯುಗವೆಂದು ಹೊಗಳುವವರ ಜತೆ ನಾನಿಲ್ಲ. ಅದೇ ಪಂಚಾಯಿತಿ ಕಟ್ಟೆಯಿಂದಲೇ ಬಹಿಷ್ಕಾರವೂ ಹೊರಡುತ್ತಿತ್ತು: ಅಂಗಡಿಯಲ್ಲಿ ಸಾಮಾನು ಕೊಡಬಾರದು, ಕೂಲಿಗೆ ಕರೆಯಬಾರದು, ಸಾವಿಗೂ ಹೋಗಬಾರದು. ಅದಕ್ಕೆ ಗುರಿಯಾದವರು ಬಹುತೇಕ ನೀರು ಕದ್ದವರಲ್ಲ. ಜಾತಿ ಮೀರಿ ಮದುವೆಯಾದವರು, ದೇವಸ್ಥಾನದ ಬಾಗಿಲಲ್ಲಿ ಹಕ್ಕು ಕೇಳಿದವರು. ಹೊಲ, ಮನೆ, ನೆಂಟರು ಎಲ್ಲವೂ ಒಂದೇ ಊರಲ್ಲಿದ್ದವನು ಎಲ್ಲಿಗೆ ಹೋಗಬೇಕು? ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಅವರ ಮೇಲೆ ಹೇರುವ ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದಿತು; ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು; ಕರ್ನಾಟಕದ ಮಸೂದೆ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಮುಂದೆ ಬಂತು.

ಈಗ ಮತ್ತೆ ಆಟಕ್ಕೆ. 2003ರಲ್ಲಿ ಶುರುವಾದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ನಲ್ಲಿ ಆಟಗಾರರ ಪಟ್ಟಣಗಳಿಗೆ ಚುನಾಯಿತ ಮೇಯರ್, ಕಾವಲುಪಡೆ ಎಲ್ಲ ಇದ್ದವು. ಕಾವಲಿನವನೊಬ್ಬ ಒಂದು ಆಜ್ಞೆ ಟೈಪ್ ಮಾಡಿದರೆ ಸಾಕಿತ್ತು, ಬೇಡವಾದವನಿಗೆ ಆ ಪಟ್ಟಣದ ಸೌಲಭ್ಯಗಳು ಬಂದ್ ಆಗುತ್ತಿದ್ದವು. ನೋಟಿಸಿಲ್ಲ, ವಿಚಾರಣೆಯಿಲ್ಲ, ಮೇಲ್ಮನವಿಯಿಲ್ಲ. ಬಹಿಷ್ಕಾರ ಹಾಕಲು ಹಳ್ಳಿಯ ಯಜಮಾನನಿಗೂ ನಾಲ್ಕು ಜನರ ಒಪ್ಪಿಗೆ ಬೇಕಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಇದಕ್ಕಿಂತ ವಿವೇಕದ ಏರ್ಪಾಡು ಅದೇ ವರ್ಷ ಬಂದ, ಪ್ರಾಚೀನ ಈಜಿಪ್ಟಿನ ಕಲ್ಪನೆಯ ‘ಎ ಟೇಲ್ ಇನ್ ದ ಡೆಸರ್ಟ್’ ಆಟದ್ದು. ಅದರಲ್ಲಿ ಆಟಗಾರರಿಂದ ಆಯ್ಕೆಯಾಗಿ ಉಪಫೇರೋ ಪದವಿಗೇರಿದವನು ಆಟದಿಂದಲೇ ಹೊರಹಾಕಬಹುದಾದವರು ಹೆಚ್ಚೆಂದರೆ 7 ಮಂದಿ. ಲೆಕ್ಕ ಮುಗಿದರೆ ಅಧಿಕಾರವೂ ಮುಗಿಯಿತು. ಆದ್ದರಿಂದ ಪ್ರತಿ ಬಾರಿಯೂ ಎರಡು ಸಲ ಯೋಚಿಸಬೇಕು.

ನಿನ್ನೆ ಬಂದು ಇಂದು ಗಲಾಟೆ ಎಬ್ಬಿಸಿದ ಖಾತೆಯನ್ನು ತಕ್ಷಣ ಮುಚ್ಚುವುದರಲ್ಲಿ ಅನ್ಯಾಯವಿಲ್ಲ. ಅವನು ಕಳೆದುಕೊಳ್ಳುವುದೇನೂ ಇಲ್ಲ. ವರ್ಷಗಟ್ಟಲೆ ದುಡಿದು ಅಲ್ಲಿ ಮನೆ, ಅಂಗಡಿ, ಗೆಳೆತನ ಕಟ್ಟಿಕೊಂಡವನ ವಿಷಯ ಹಾಗಲ್ಲ. ಅವನಿಗೆ ಎಚ್ಚರಿಕೆ, ದಂಡ, ನಿಗದಿತ ಅವಧಿಯ ನಿರ್ಬಂಧ, ತನ್ನ ಮಾತು ಹೇಳಿಕೊಳ್ಳುವ ಅವಕಾಶ ಇವೆಲ್ಲ ಸಿಕ್ಕ ಮೇಲಷ್ಟೇ ಬ್ಯಾನ್ ಬರಬೇಕು. ಈ ಮೆಟ್ಟಿಲುಗಳಿಲ್ಲದ ಆಟದ ಪಟ್ಟಣವನ್ನು ಸ್ವಯಮಾಡಳಿತದ ಪಟ್ಟಣ ಎಂದು ಕರೆಯಲಾಗದು.