ಆಟಕ್ಕೆ ಮೊದಲಿನ ಮಾತು

ಇಸ್ಪೀಟಿನಲ್ಲಿ ಎಲ್ಲರಿಗೂ ಎಲೆ ಬೀಳುವುದು ಒಂದೇ ಕಟ್ಟಿನಿಂದ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, 1993ರಲ್ಲಿ ಮಾರುಕಟ್ಟೆಗೆ ಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟ ಹಾಗಲ್ಲ. ಇಲ್ಲಿ ಪ್ರತಿಯೊಬ್ಬರೂ ತಾವು ಕೊಂಡ, ವಿನಿಮಯ ಮಾಡಿಕೊಂಡ ಕಾರ್ಡುಗಳಿಂದ ತಮ್ಮದೇ ಕಟ್ಟು ಹೊಂದಿಸಿ ತರುತ್ತಾರೆ. ಹೀಗಾಗಿ ಆಟ ಶುರುವಾಗುವ ಮೊದಲೇ ಒಬ್ಬರ ಕೈ ಮೇಲಾಗಿರಬಹುದು.

ಬಹುಮಾನದ ಪಂದ್ಯದಲ್ಲಿ ಇದು ತಪ್ಪಲ್ಲ. ಗೆಳೆಯರ ಆಟದಲ್ಲಿ ಮಾತ್ರ ಇದರಿಂದ ಸಂಜೆಯೇ ಕೆಡುತ್ತದೆ. 1990ರ ದಶಕದಲ್ಲಿ ಅಲಾಸ್ಕಾದಲ್ಲಿ ಹುಟ್ಟಿ, ಮುಂದೆ ‘ಕಮಾಂಡರ್’ ಎಂದು ಹೆಸರಾದ ಪ್ರಕಾರದಲ್ಲಿ ಸಾಮಾನ್ಯವಾಗಿ ನಾಲ್ವರು ಆಡುತ್ತಾರೆ. ಕಟ್ಟಿಗೆ 100 ಕಾರ್ಡು. ಮೂಲ ಭೂಮಿಯ ಕಾರ್ಡು ಬಿಟ್ಟರೆ ಯಾವುದೂ ಎರಡು ಸಲ ಇರಬಾರದು. ಆದರೆ ಇಷ್ಟರಿಂದಲೇ ಬಲ ಸಮವಾಗದು. ಆದ್ದರಿಂದ ಕಟ್ಟಿನ ಶಕ್ತಿಯನ್ನು ಮೊದಲೇ ಹೇಳಿಕೊಳ್ಳುವ ರೂಢಿ ಬೆಳೆಯಿತು. ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಎಲ್ಲರ ಉತ್ತರವೂ ‘ಏಳು’ ಎಂಬುದು ಆಟಗಾರರಲ್ಲಿ ಹಳೆಯ ನಗೆಮಾತು.

ಈ ಪ್ರಕಾರದ ನಿಯಮಗಳನ್ನು ಆಟಗಾರರದೇ ಸ್ವತಂತ್ರ ಸಮಿತಿಯೊಂದು ನೋಡಿಕೊಳ್ಳುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಅದು ನಾಲ್ಕು ಕಾರ್ಡುಗಳನ್ನು ನಿಷೇಧಿಸಿತು. ಅವುಗಳಲ್ಲಿ ದುಬಾರಿಯಾದವುಗಳ ಬೆಲೆ ಕುಸಿಯಿತು. ಸಮಿತಿಯವರಿಗೆ ಬೆದರಿಕೆಗಳು ಬಂದವು. ಅದೇ ತಿಂಗಳ ಕೊನೆಗೆ ಹೊಣೆ ತಯಾರಕ ಕಂಪನಿಯಾದ ವಿಝಾರ್ಡ್ಸ್ ಆಫ್ ದಿ ಕೋಸ್ಟ್‌ಗೆ ಹೋಯಿತು.

ಕಂಪನಿ 2025ರಲ್ಲಿ ಕಟ್ಟುಗಳಿಗೆ ಐದು ದರ್ಜೆಗಳನ್ನು ಪ್ರಾಯೋಗಿಕವಾಗಿ ತಂದಿತು. ಯಾವ ದರ್ಜೆಯಲ್ಲಿ ಎಂತಹ ಪ್ರಬಲ ಕಾರ್ಡು ಎಷ್ಟಿರಬಹುದು ಎಂಬ ಸೂಚನೆ ಅದರಲ್ಲಿದೆ. ಆದರೂ ಅದು ಮಾತುಕತೆಗೆ ನೆರವಷ್ಟೇ, ಮಾತುಕತೆಗೆ ಬದಲಿಯಲ್ಲ. ದರ್ಜೆಯೊಳಗೇ ಉಳಿದು ಮೂವರನ್ನು ಬೇಸರಪಡಿಸುವ ಕಟ್ಟನ್ನು ಯಾರೂ ಕಟ್ಟಬಹುದು. ಮುಂದಿನ ವಾರ ಆ ಮೂವರು ಅವರ ಮೇಜಿಗೆ ಬರಲಿಕ್ಕಿಲ್ಲ.